‘ಸಾಲಿ’ಯ ಸಕಾರ: ಸಂಕೇತ ಸಂಸ್ಕರಣೆಯ ಮೊದಲ ಪಾಠಕ್ರಮ ಮತ್ತು ದೇವರ ಹಿಪ್ಪರಗಿ ಸೀಮೆಯ ಮಾತು

ಭಾಷಾವಿಜ್ಞಾನದ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಗ್ರಂಥಗಳನ್ನೂ ಸಿದ್ಧಾಂತಗಳನ್ನೂ ಅವುಗಳ ಕರ್ತೃಗಳನ್ನೂ ಅನುಸರಿಸುತ್ತೇವೆ. ಒಂದು ಪಾಠಕ್ರಮ ಎಲ್ಲಿ ಹುಟ್ಟಿತು, ಯಾವ ವಿಭಾಗದ ಪಾಲಾಯಿತು, ಯಾರ ಕೈಗೆ ಸಿಗದೆ ಹೋಯಿತು ಎಂಬುದು ಅಪರೂಪಕ್ಕೆ ಚರ್ಚೆಗೆ ಬರುತ್ತದೆ. ಪ್ರಸ್ತುತ ಲೇಖನದಲ್ಲಿ ಅಂಥ ಒಂದು ಪಾಠಕ್ರಮವನ್ನು, ಅಂದರೆ ಡಿಜಿಟಲ್ ಸಂಕೇತ ಸಂಸ್ಕರಣೆಯ ಪ್ರಾರಂಭಿಕ ಪಾಠಕ್ರಮವನ್ನು ಎತ್ತಿಕೊಂಡಿದ್ದೇವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಡಿಎಸ್‌ಪಿ’. ಊರಿನಲ್ಲಿ ಆ ಮೂರಕ್ಷರಕ್ಕೆ ಪೊಲೀಸ್ ಅಧಿಕಾರಿ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ ಎಂಬುದು ಬೇರೆ ಮಾತು. ನಮ್ಮ ವಾದ ಇಷ್ಟು: ಈ ಶಾಸ್ತ್ರವು ಬಹುಮಟ್ಟಿಗೆ ಮಾತಿನ ಅಧ್ಯಯನದಿಂದಲೇ ಬೆಳೆದದ್ದು; ಆದರೆ ಉತ್ತರ ಕರ್ನಾಟಕದ ತರಗತಿಗೆ ತಲುಪುವ ಹೊತ್ತಿಗೆ ಅದರಿಂದ ಮಾತು ಸೋಸಿಹೋಗಿತ್ತು. ಭಾಷಾವಿಜ್ಞಾನದ ತರಗತಿಗಂತೂ ಅದು ಬರಲೇ ಇಲ್ಲ. ಹೀಗಾಗಿ ಆ ಶಾಸ್ತ್ರದ ಉಪಕರಣಗಳು ಮಾತ್ರ ನಮ್ಮ ಕೈಗೆ ಬಂದಿವೆ. ಇದರ ಪರಿಣಾಮವನ್ನು ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಸೀಮೆಯ ಆಡುಮಾತಿನ ಎರಡು ಪದಗಳ ಮೂಲಕ ತೋರಿಸಬಯಸುತ್ತೇವೆ. ಒಂದು ‘ಸಾಲಿ’ (ಶಾಲೆ), ಇನ್ನೊಂದು ‘ಮನಿ’ (ಮನೆ).

1. ಮಾತಿನಿಂದ ಬೆಳೆದ ಶಾಸ್ತ್ರ

ಈ ಪಾಠಕ್ರಮದ ಮೊದಲ ವಾರದಲ್ಲೇ ಬರುವ ಪ್ರಮೇಯ ಸ್ಯಾಂಪ್ಲಿಂಗ್‌ಗೆ ಸಂಬಂಧಿಸಿದ್ದು. ಅವಿಚ್ಛಿನ್ನವಾದ ಒಂದು ಸಂಕೇತವನ್ನು ಸಮಾನ ಕಾಲಾಂತರಗಳಲ್ಲಿ ಅಳೆದು ಅಂಕಿಗಳ ಸಾಲಾಗಿ ಇಟ್ಟುಕೊಳ್ಳಬಹುದು. ಅದರಲ್ಲಿರುವ ಅತಿ ಹೆಚ್ಚಿನ ಆವರ್ತಾಂಕದ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಪ್ರತಿ ಸೆಕೆಂಡಿಗೆ ಅಳೆದರೆ ಮೂಲವನ್ನು ಮರಳಿ ಕಟ್ಟಲು ಸಾಧ್ಯ. ನೈಕ್ವಿಸ್ಟ್ 1928ರಲ್ಲಿ, ಶ್ಯಾನನ್ 1949ರಲ್ಲಿ ಪ್ರಕಟಿಸಿದ ಬರಹಗಳೊಂದಿಗೆ ಈ ತತ್ತ್ವದ ಹೆಸರು ಬೆಸೆದುಕೊಂಡಿದೆ. ಇಬ್ಬರೂ ಬೆಲ್ ದೂರವಾಣಿ ಸಂಸ್ಥೆಗಾಗಿ ದುಡಿದವರು. ಅದೇ ಪ್ರಯೋಗಾಲಯದಲ್ಲಿ ಹೋಮರ್ ಡಡ್ಲಿ 1930ರ ದಶಕದಲ್ಲಿ ವೋಕೋಡರ್ ಯಂತ್ರವನ್ನು ರೂಪಿಸಿದರು. ಸ್ಪೆಕ್ಟ್ರೋಗ್ರಾಫ್ ಯಂತ್ರದ ವಿವರಗಳು ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಅಲ್ಲಿಂದಲೇ ಹೊರಬಿದ್ದವು. ಧ್ವನಿವಿಜ್ಞಾನಿಗಳಿಗೆ ಈ ಎರಡನೆಯ ಕಥೆ ಪರಿಚಿತವೇ.

ಅಷ್ಟಾಗಿ ಪರಿಚಿತವಲ್ಲದ ಸಂಗತಿ ಮುಂದಿನದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಲಿಂಕನ್ ಪ್ರಯೋಗಾಲಯದಲ್ಲಿ ಬೆನ್ ಗೋಲ್ಡ್ ಮತ್ತು ಚಾರ್ಲ್ಸ್ ರೇಡರ್ ವೋಕೋಡರ್ ಒಂದನ್ನು ಕಂಪ್ಯೂಟರಿನಲ್ಲಿ ಅನುಕರಿಸಲು ಹೊರಟರು. ವೋಕೋಡರ್ ಮಾತನ್ನು ಆವರ್ತಾಂಕದ ಪಟ್ಟಿಗಳಾಗಿ ಒಡೆಯುವ ಫಿಲ್ಟರ್‌ಗಳ ಸಾಲು. ಆ ಫಿಲ್ಟರ್‌ಗಳನ್ನು ತಂತಿ, ಸುರುಳಿಗಳ ಬದಲು ಅಂಕಿಗಳಲ್ಲಿ ಹೇಗೆ ಬರೆಯುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಡಿಜಿಟಲ್ ಫಿಲ್ಟರ್‌ಗಳ ವಿನ್ಯಾಸ ಒಂದು ಶಾಸ್ತ್ರವಾಗಿ ಗಟ್ಟಿಗೊಂಡಿತು. ಅವರಿಬ್ಬರ ಪುಸ್ತಕ 1969ರಲ್ಲಿ ಬಂತು. ಈ ನಡುವೆ 1965ರಲ್ಲಿ ಕೂಲಿ ಮತ್ತು ಟ್ಯೂಕಿ ಶೀಘ್ರ ಫೂರಿಯೇ ಪರಿವರ್ತನೆಯ ಕ್ರಮವನ್ನು ಪ್ರಕಟಿಸಿದ್ದರು. 1975ರಲ್ಲಿ ಒಪನ್‌ಹೈಮ್ ಮತ್ತು ಶೇಫರ್ ಅವರ ಪಠ್ಯ ಪ್ರಕಟವಾದಾಗ ಈ ಶಾಸ್ತ್ರಕ್ಕೆ ಒಂದು ಸೆಮಿಸ್ಟರಿನಲ್ಲಿ ಕಲಿಸಬಹುದಾದ ಆಕಾರ ಬಂತು. ಶೇಫರ್ ಅವರೇ ರಾಬಿನರ್ ಜೊತೆಗೂಡಿ ಮಾತಿನ ಸಂಕೇತಗಳ ಸಂಸ್ಕರಣೆಯನ್ನು ಕುರಿತ ಪ್ರತ್ಯೇಕ ಗ್ರಂಥವನ್ನು 1978ರಲ್ಲಿ ಹೊರತಂದರು. ಒಂದು ದೃಷ್ಟಿಯಿಂದ ಇಲ್ಲಿಯೇ ದಾರಿ ಕವಲೊಡೆಯಿತು: ಗಣಿತ ಮೊದಲ ಪಾಠಕ್ರಮಕ್ಕೆ, ಮಾತು ಮುಂದಿನ ತರಗತಿಯ ಐಚ್ಛಿಕ ವಿಷಯಕ್ಕೆ.

2. ಬೆಂಗಳೂರಿನ ಅಕ್ಷರ, ಮೈಸೂರಿನ ಧ್ವನಿ

ಕರ್ನಾಟಕದಲ್ಲಿ ಈ ವಿದ್ಯೆ ನೆಲೆಗೊಂಡದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಬಿ. ಎಸ್. ರಾಮಕೃಷ್ಣ ಅವರ ನೇತೃತ್ವದಲ್ಲಿ ಧ್ವನಿಶಾಸ್ತ್ರದ ಪ್ರಯೋಗಾಲಯ ಬೆಳೆಯಿತು. ಅಲ್ಲಿಯೇ ಓದಿ, 1957ರಿಂದ 1960ರವರೆಗೆ ಅಲ್ಲಿಯೇ ಪಾಠ ಹೇಳಿದ ಬಿಷ್ಣು ಅಟಲ್ 1961ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ರಾಮಕೃಷ್ಣ, ಅಟಲ್ ಮತ್ತು ಅವರ ಸಹೋದ್ಯೋಗಿಗಳು ಸೇರಿ ಭಾರತೀಯ ಭಾಷೆಗಳ ಸಾಪೇಕ್ಷ ದಕ್ಷತೆಯನ್ನು ಮಾಹಿತಿ ಸಿದ್ಧಾಂತದ ಅಳತೆಗೋಲಿನಿಂದ ಹೋಲಿಸಿದ ಪುಸ್ತಕ 1962ರಲ್ಲಿ ಪ್ರಕಟವಾಯಿತು. ಕೆ. ಆರ್. ರಾಜಗೋಪಾಲನ್ ಕನ್ನಡ ಗದ್ಯದ ಎಂಟ್ರೊಪಿಯನ್ನು ಲೆಕ್ಕ ಹಾಕಿದ ಟಿಪ್ಪಣಿ 1965ರದು. ಇವು ಆ ಕಾಲಕ್ಕೆ ಸಾಹಸದ ಕೆಲಸಗಳು, ಈಗಲೂ ಓದತಕ್ಕವು. ಆದರೆ ಈ ಬಗೆಯ ಲೆಕ್ಕಕ್ಕೆ ಕನ್ನಡವೆಂದರೆ ಅಚ್ಚಾದ ಅಕ್ಷರಗಳ ಸಾಲು ಎಂಬುದನ್ನು ಗಮನಿಸಬೇಕು. ‘ಶಾಲೆ’ ಎಂದು ಅಚ್ಚಾದದ್ದನ್ನು ‘ಸಾಲಿ’ ಎಂದು ಓದುವವರು ಆ ಎಣಿಕೆಯೊಳಗೆ ಬರುವುದಿಲ್ಲ.

ಧ್ವನಿಯ ಕಡೆಯಿಂದ ಹೊರಟವರು ಮೈಸೂರಿನಲ್ಲಿದ್ದರು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಲ್ಲಿ, ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಅಲ್ಲಿ ಆರಂಭವಾದವು. ಬಿ. ಬಿ. ರಾಜಪುರೋಹಿತ ಅವರು ಕನ್ನಡದ ಧ್ವನಿಭೌತಿಕ ಲಕ್ಷಣಗಳನ್ನು ಕುರಿತು ಬರೆದ ಗ್ರಂಥವನ್ನು ಸಂಸ್ಥಾನವು 1982ರಲ್ಲಿ ಪ್ರಕಟಿಸಿತು. ವಾಕ್ ಶ್ರವಣ ಸಂಸ್ಥೆಯಲ್ಲಿ ಎಸ್. ಆರ್. ಸಾವಿತ್ರಿ ಮೊದಲಾದವರು ಸ್ವರಗಳ ಅವಧಿಯನ್ನು ಅಳೆದರು. ಅಂದಿನ ಸ್ಪೆಕ್ಟ್ರೋಗ್ರಾಫ್ ಯಂತ್ರದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಒಮ್ಮೆಗೆ ಎರಡೂವರೆ ಸೆಕೆಂಡಿಗೂ ಕಡಿಮೆ ಮಾತನ್ನು ಅದು ಹಿಡಿಯುತ್ತಿತ್ತು. ಸುತ್ತುವ ಉರುಳೆಯ ಮೇಲಿನ ಕಾಗದವನ್ನು ಸುಡುತ್ತ ಚಿತ್ರ ಬರೆಯುತ್ತಿತ್ತು. ಅದರಲ್ಲಿ 45 ಮತ್ತು 300 ಹರ್ಟ್ಜ್ ಅಗಲದ ಎರಡು ಫಿಲ್ಟರ್‌ಗಳಿದ್ದವು. ಯಾವುದು ಬೇಕೆಂದು ಸಂಶೋಧಕರು ಪ್ರತಿ ಸಲ ಕೈಯಿಂದ ಗುಂಡಿ ತಿರುಗಿಸಬೇಕಿತ್ತು. ಮೊದಲನೆಯದು ಸ್ವರದ ಹಾರ್ಮೋನಿಕ್‌ಗಳನ್ನು ಬಿಡಿಸಿ ತೋರಿಸಿ ಕಾಲವನ್ನು ಮಸುಕುಗೊಳಿಸುತ್ತಿತ್ತು, ಎರಡನೆಯದು ಕಾಲವನ್ನು ಸ್ಪಷ್ಟಗೊಳಿಸಿ ಹಾರ್ಮೋನಿಕ್‌ಗಳನ್ನು ಬೆಸೆಯುತ್ತಿತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂಬ ಸಂಕೇತ ಸಂಸ್ಕರಣೆಯ ಮೂಲ ಪಾಠವನ್ನು ಆ ಗುಂಡಿಯೇ ಕಲಿಸುತ್ತಿತ್ತು ಎಂದರೆ ತಪ್ಪಾಗಲಾರದು. ಆ ಪೀಳಿಗೆಯ ಲೇಖನಗಳಲ್ಲಿ ಯಾವ ಫಿಲ್ಟರ್ ಬಳಸಿತೆಂದು ಬರೆಯುವ ರೂಢಿಯಿದೆ. ನಮ್ಮ ಪೀಳಿಗೆಯ ಲೇಖನಗಳಲ್ಲಿ ‘ಪ್ರಾಟ್ ತಂತ್ರಾಂಶದಿಂದ ಅಳೆಯಲಾಯಿತು’ ಎಂಬಲ್ಲಿಗೆ ವಿವರ ನಿಲ್ಲುವುದನ್ನು ಎಷ್ಟೋ ಬಾರಿ ಕಾಣುತ್ತೇವೆ.

ಮೈಸೂರಿನ ಕೆಲಸಕ್ಕೂ ಭೌಗೋಳಿಕ ಮಿತಿಯಿತ್ತು. ಉಪಭಾಷೆಗಳ ವ್ಯವಸ್ಥಿತ ಹೋಲಿಕೆಗೆ ನಾವಿಂದಿಗೂ ಆಶ್ರಯಿಸುವ ಯು. ಪಿ. ಉಪಾಧ್ಯಾಯರ 1976ರ ಗ್ರಂಥವು ಬಳ್ಳಾರಿ, ಗುಲಬರ್ಗಾ, ಕುಮಟಾ, ನಂಜನಗೂಡು ಎಂಬ ನಾಲ್ಕು ನೆಲೆಗಳನ್ನು ಆರಿಸಿಕೊಂಡಿತ್ತು. ಬಿಜಾಪುರ ಅವುಗಳಲ್ಲಿಲ್ಲ. ಅಲ್ಲದೆ ಆ ಹೋಲಿಕೆ ಕಿವಿಯಿಂದ ಕೇಳಿ ಬರೆದ ಲಿಪ್ಯಂಕನವನ್ನು ನೆಚ್ಚಿದ್ದು. ಅದನ್ನು ನಾವು ಕೊರತೆಯೆಂದು ಎಣಿಸುವುದಿಲ್ಲ. ಪಳಗಿದ ಕಿವಿಯ ಬೆಲೆ ಏನೆಂಬುದು ಈ ಲೇಖನದ ಕೊನೆಯ ಭಾಗದಲ್ಲಿ ಕಾಣುತ್ತದೆ.

3. ವಿಜಯಪುರದ ಐದನೆಯ ಸೆಮಿಸ್ಟರ್

ದೇವರ ಹಿಪ್ಪರಗಿ ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದು, ಇತ್ತೀಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ಹನ್ನೆರಡನೆಯ ಶತಮಾನದ ವಚನಕಾರ ಮಡಿವಾಳ ಮಾಚಯ್ಯನ ಹುಟ್ಟೂರೆಂದು ಅದಕ್ಕೆ ಹೆಸರು. ಆ ಕಡೆಯ ಹಳ್ಳಿಗಳಿಂದ ಎಂಜಿನಿಯರಿಂಗ್ ಓದಲು ಜಿಲ್ಲಾ ಕೇಂದ್ರಕ್ಕೆ ಹೋಗುವವರಿಗೆ ಎದುರಾಗುವ ಹಳೆಯ ಕಾಲೇಜು ಬಿ.ಎಲ್.ಡಿ.ಇ. ಸಂಸ್ಥೆ 1980ರಲ್ಲಿ ಆರಂಭಿಸಿದ್ದು. ವಚನಗಳ ತಾಡವೋಲೆಗಳನ್ನು ಊರೂರು ಅಲೆದು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರ ಹೆಸರನ್ನು ಅದು ಹೊತ್ತಿದೆ. ‘ವಚನ’ ಎಂದರೆ ಆಡಿದ ಮಾತು. ಆಡಿದ ಮಾತನ್ನು ಕಾಪಿಟ್ಟವರ ಹೆಸರಿನ ಕಾಲೇಜಿನಲ್ಲಿ ಸಂಕೇತ ಸಂಸ್ಕರಣೆಯ ಪಾಠ ನಡೆಯುವುದು ಕೇವಲ ಆಕಸ್ಮಿಕ. ಆದರೂ ನಮಗೆ ಪ್ರಿಯವಾದ ಆಕಸ್ಮಿಕ.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂತು. 2010ರ ಪಠ್ಯಕ್ರಮದಲ್ಲಿ ನಮ್ಮ ವಿಷಯದ ಸಂಖ್ಯೆ 10ಇಸಿ52. ಐದನೆಯ ಸೆಮಿಸ್ಟರ್, ವಾರಕ್ಕೆ 4 ತಾಸು, ಒಟ್ಟು 52 ತಾಸು, ಪರೀಕ್ಷೆಗೆ 100 ಅಂಕ. ವಿಚ್ಛಿನ್ನ ಫೂರಿಯೇ ಪರಿವರ್ತನೆ, ಅದರ ಗುಣಧರ್ಮಗಳು, ಶೀಘ್ರ ಕ್ರಮಗಳು, ಬಟರ್‌ವರ್ತ್ ಮತ್ತು ಚೆಬಿಶೇವ್ ಫಿಲ್ಟರ್‌ಗಳು, ಕಿಟಕಿ ವಿಧಾನದಿಂದ ರಚಿಸುವ ಫಿಲ್ಟರ್‌ಗಳು, ಅವುಗಳ ಜೋಡಣೆಯ ರೂಪಗಳು — ಇಷ್ಟು ಅದರ ವ್ಯಾಪ್ತಿ. ಪ್ರೊಯಾಕಿಸ್ ಮತ್ತು ಮನೊಲಾಕಿಸ್ ಅವರದು ಪಠ್ಯ. ಮಾತಿಗೆಂದು ಒಂದು ಘಟಕವೂ ಇಲ್ಲ. ವೋಕೋಡರ್‌ಗಾಗಿ ಗೋಲ್ಡ್ ಮತ್ತು ರೇಡರ್ ಅಂಕಿಗಳಿಗೆ ಇಳಿಸಿದ ಬಗೆಯ ಫಿಲ್ಟರ್‌ಗಳನ್ನೇ ವಿದ್ಯಾರ್ಥಿ ಕಲಿಯುತ್ತಾನೆ. ಅವು ಯಾತಕ್ಕಾಗಿ ಬೇಕಾದವು ಎಂಬುದು ಮಾತ್ರ ತರಗತಿಯಲ್ಲಿ ಉಳಿದಿಲ್ಲ.

ಮಾತು ಒಂದಿಷ್ಟು ಇಣುಕುವುದು ಇದರೊಂದಿಗಿನ ಪ್ರಯೋಗಾಲಯದಲ್ಲಿ. ಅಲ್ಲಿನ ಪಟ್ಟಿಯಲ್ಲಿ ಸ್ಯಾಂಪ್ಲಿಂಗ್ ಪ್ರಮೇಯದ ಪರೀಕ್ಷೆಯಿದೆ, ಮೈಕ್ರೋಫೋನಿನ ಧ್ವನಿಯ ವರ್ಣಪಟಲವನ್ನು ನೋಡುವ ಪ್ರಯೋಗವಿದೆ, ಧ್ವನಿ ಕಡತಗಳನ್ನು ಅವುಗಳ ಸ್ಪೆಕ್ಟ್ರೋಗ್ರಾಮ್‌ಗಳೊಂದಿಗೆ ಹೊಂದಿಸುವ ಪ್ರಯೋಗವಿದೆ. ಅದರ ಬೆನ್ನಿಗೇ ಇನ್ನೊಂದು: 3 ಕಿಲೋಹರ್ಟ್ಜ್‌ಗಿಂತ ಮೇಲಿನ ಗದ್ದಲವನ್ನು ಸೇರಿಸಿ, ಬಳಿಕ ಅದನ್ನು ತೆಗೆದುಹಾಕುವುದು. ಪಾಠಕ್ರಮದ ದೃಷ್ಟಿಯಿಂದ ಇದು ನಿರಪಾಯಕಾರಿ ಅಭ್ಯಾಸ. ಧ್ವನಿವಿಜ್ಞಾನಿ ಇದನ್ನು ಓದಿದಾಗ ಒಂದು ಕ್ಷಣ ತಡೆಯಬೇಕಾಗುತ್ತದೆ. 3 ಕಿಲೋಹರ್ಟ್ಜ್‌ಗಿಂತ ಮೇಲಿರುವ ಗದ್ದಲ ಎಂಬುದು ದಂತ್ಯ ಸಕಾರದ ವರ್ಣನೆಯಂತೆಯೇ ಇದೆ.

4. ‘ಸಾಲಿ’

ಘರ್ಷ ವ್ಯಂಜನಗಳಿಗೆ ಆಧಾರವೇ ಗದ್ದಲ. ಹಲ್ಲಿನ ಬಳಿಯ ಇಕ್ಕಟ್ಟಿನಲ್ಲಿ ಗಾಳಿ ಕದಡಿದಾಗ ಹುಟ್ಟುವ ಸಕಾರದ ಶಕ್ತಿ ಬಹುಪಾಲು 4 ಕಿಲೋಹರ್ಟ್ಜ್‌ನಿಂದ ಮೇಲಿರುತ್ತದೆ. ನಾಲಿಗೆ ಹಿಂದೆ ಸರಿದು, ಮುಂದಿನ ಕುಹರ ದೊಡ್ಡದಾದಾಗ ಹುಟ್ಟುವ ಶಕಾರದ ಶಕ್ತಿ ಸುಮಾರು ಎರಡೂವರೆ ಕಿಲೋಹರ್ಟ್ಜ್‌ನಿಂದಲೇ ಆರಂಭವಾಗುತ್ತದೆ. ಈ ಎರಡರ ಭೇದ ಕಾಣಬೇಕಾದರೆ ಕನಿಷ್ಠ 8 ಕಿಲೋಹರ್ಟ್ಜ್‌ವರೆಗಿನ ಸಂಕೇತ ಬೇಕು. ಅಂದರೆ ಸೆಕೆಂಡಿಗೆ 16,000 ಅಳತೆಗಳು. ದೂರವಾಣಿಯ ಪಟ್ಟಿ 300ರಿಂದ 3400 ಹರ್ಟ್ಜ್‌ವರೆಗಿನದು, ಅದರ ಸ್ಯಾಂಪ್ಲಿಂಗ್ ದರ 8000. ದೂರವಾಣಿಯಲ್ಲಿ ಹೆಸರಿನ ಅಕ್ಷರ ಹೇಳುವಾಗ ‘ಎಸ್’ ಮತ್ತು ‘ಎಫ್’ ಅದಲುಬದಲಾಗುವುದು ಎಲ್ಲರ ಅನುಭವ. ಪೂರ್ಣ ವಾಕ್ಯದಲ್ಲಿ ಕೇಳುಗರ ಭಾಷಾಜ್ಞಾನ ಹೋದದ್ದನ್ನು ತುಂಬಿಕೊಳ್ಳುತ್ತದೆ. ನೆರೆಯ ಸ್ವರದ ಫಾರ್ಮೆಂಟ್ ಜಾರುಗಳಲ್ಲೂ ವ್ಯಂಜನದ ಸುಳಿವು ಸ್ವಲ್ಪ ಉಳಿಯುತ್ತದೆ. ಆದ್ದರಿಂದ ದೂರವಾಣಿಯು ಮಾತನ್ನು ಕೆಡಿಸಿತು ಎಂದು ನಾವು ಹೇಳುತ್ತಿಲ್ಲ. ಸಂವಹನಕ್ಕೆ ಸಾಲುವಷ್ಟು ಸಂಕೇತ ವರ್ಣನೆಗೆ ಸಾಲದು ಎಂಬುದಷ್ಟೇ ನಮ್ಮ ಮಾತು.

ದೇವರ ಹಿಪ್ಪರಗಿ ಸೀಮೆಯಲ್ಲಿ ಇದು ಏಕೆ ಮುಖ್ಯ? ಅಲ್ಲಿ ಸ-ಶ ಭೇದ ವಯಸ್ಸು, ಓದು, ಸಂದರ್ಭಗಳಿಗೆ ತಕ್ಕಂತೆ ಸರಿದಾಡುವ ಭೇದ. ಅಜ್ಜಿ ‘ಸಾಲಿ’ ಎಂದರೆ ಮೊಮ್ಮಗಳು ‘ಶಾಲಿ’ ಎನ್ನಬಹುದು. ಮಾಸ್ತರರ ಎದುರಿಗೆ ಅದೇ ಹುಡುಗಿ ‘ಶಾಲೆ’ ಎನ್ನಬಹುದು. ಆದಿಯ ವ್ಯಂಜನ, ಅಂತ್ಯದ ಸ್ವರ ಎರಡೂ ಬೇರೆಬೇರೆಯಾಗಿ ಬದಲಾಗಬಲ್ಲವು. ಸಮಾಜಭಾಷಾವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ದಖನಿ ಉರ್ದುವಿನ ಸಹವಾಸದಿಂದ ಬಂದ ಪದಗಳಲ್ಲಿ ಕೆಲವರು ಉಚ್ಚರಿಸುವ, ಕೆಲವರು ಜಕಾರವಾಗಿಸುವ ಘೋಷ ಘರ್ಷ ಧ್ವನಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥ ಸಾಮಗ್ರಿಯನ್ನು ದೂರವಾಣಿ ಕರೆಯಿಂದ ಸಂಗ್ರಹಿಸಿದ ಸಂಶೋಧಕರಿಗೆ ಭೇದ ಕಾಣದೆ ಹೋದರೆ ಅದು ಭಾಷಕರಲ್ಲಿ ಇಲ್ಲವೋ ಸಂಕೇತದಲ್ಲಿ ಇಲ್ಲವೋ ಎಂದು ಹೇಳಲು ಆಧಾರವೇ ಇರುವುದಿಲ್ಲ.

ಪ್ರಶ್ನೆ ಪ್ರಬಂಧ ಬರೆಯುವವರಿಗಷ್ಟೇ ಸೀಮಿತವಲ್ಲ. ಕೃಷಿ ಉತ್ಪನ್ನಗಳ ಧಾರಣೆಯನ್ನು ದೂರವಾಣಿಯಲ್ಲಿ ಕೇಳಿ ತಿಳಿಯುವ ಕನ್ನಡ ವ್ಯವಸ್ಥೆಯೊಂದನ್ನು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನವರು ರೈತರ ಧ್ವನಿಗಳನ್ನು ದೂರವಾಣಿಯ ಮೂಲಕವೇ ಸಂಗ್ರಹಿಸಿ ರೂಪಿಸಿದರು. ಉದ್ದೇಶಕ್ಕೆ ಆ ವಿಧಾನವೇ ತಕ್ಕದ್ದು. ಬಳಸುವವರು ಬಳಸುವುದೂ ದೂರವಾಣಿಯನ್ನೇ. ಈಗ ಇಂಡಿ, ಸಿಂದಗಿ, ಹಿಪ್ಪರಗಿ ಕಡೆಯ ಬೆಳೆಗಳ ಹೆಸರುಗಳನ್ನು ನೋಡಿ: ಸಜ್ಜಿ, ಶೇಂಗಾ, ಕುಸುಬಿ, ಸೂರ್ಯಪಾನ. ಒಂದಿಲ್ಲೊಂದು ಘರ್ಷ ಧ್ವನಿಯಿಲ್ಲದ ಹೆಸರು ಇವುಗಳಲ್ಲಿಲ್ಲ. ‘ಸಜ್ಜಿ’ಯ ಸಕಾರ ಸೋಸಿಹೋದರೆ ಉಳಿಯುವುದು ‘ಅಜ್ಜಿ’. ಯಂತ್ರಕ್ಕೆ ಈ ಗೊಂದಲವನ್ನು ಬಿಡಿಸಲು ಪದಗಳ ಪಟ್ಟಿಯ ಸಹಾಯವಿದೆ. ಮಾರುಕಟ್ಟೆಯ ಪಟ್ಟಿಯಲ್ಲಿ ಅಜ್ಜಿ ಇಲ್ಲ. ಪಟ್ಟಿ ಇಲ್ಲದ ಮುಕ್ತ ಮಾತಿನಲ್ಲಿ ಆ ಆಸರೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಅಂಗವಾದ ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆವಾರು ಮುಕ್ತ ಮಾತನ್ನು ಸಂಗ್ರಹಿಸುತ್ತಿದ್ದು, ಬಿಜಾಪುರ ಜಿಲ್ಲೆಯೂ ಅದರಲ್ಲಿ ಸೇರಿದೆ. ಈ ಬಗೆಯ ಭಂಡಾರಗಳನ್ನು ನಾಳೆ ಉಪಭಾಷೆಯ ಆಧಾರವಾಗಿ ಬಳಸುವವರು ನಮ್ಮ ವಿದ್ಯಾರ್ಥಿಗಳೇ. ಪ್ರತಿ ಕಡತದ ಸ್ಯಾಂಪ್ಲಿಂಗ್ ದರವನ್ನೂ ಅದು ಹಾದುಬಂದ ಸಂಕುಚನ ಕ್ರಮವನ್ನೂ ಮೊದಲು ಕೇಳಬೇಕೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ?

ಊರಿನ ಹೆಸರಲ್ಲೇ ಇನ್ನೊಂದು ಉದಾಹರಣೆಯಿದೆ. ‘ಹಿಪ್ಪರಗಿ’ಯ ಪಕಾರದ ದ್ವಿತ್ವ ತರಂಗಚಿತ್ರದಲ್ಲಿ ಕಾಣುವುದು ಮೌನವಾಗಿ, ಆ ಮೌನದ ಉದ್ದವೇ ದ್ವಿತ್ವದ ಗುರುತು. ಕಟು-ಕಟ್ಟು ಎಂಬ ಜೋಡಿಯನ್ನು ಬೇರ್ಪಡಿಸುವುದೂ ಅದೇ. ಮೌನವನ್ನು ಕತ್ತರಿಸಿ ಕಡತವನ್ನು ಚಿಕ್ಕದಾಗಿಸುವ ಕ್ರಮಗಳನ್ನು ಬಳಸುವ ಮುನ್ನ ಈ ಜೋಡಿಯನ್ನು ನೆನೆಯುವುದು ಒಳಿತು.

5. ‘ಮನಿ’

ಉತ್ತರದ ಕನ್ನಡದಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ ಎಂಬುದು ಸರ್ವವಿದಿತ: ಮನೆ-ಮನಿ, ಕುದುರೆ-ಕುದುರಿ. ‘ಹಿಪ್ಪರಿಗೆ’ ಎಂಬುದು ‘ಹಿಪ್ಪರಗಿ’ ಆದಲ್ಲಿಯೂ ಈ ಜಾಡೇ ಇದೆ. ಪ್ರಶ್ನೆಯಿರುವುದು ಇಲ್ಲಿ: ‘ಮನಿ’ಯ ಅಂತ್ಯಸ್ವರವೂ ‘ಗಿಣಿ’ಯ ಅಂತ್ಯಸ್ವರವೂ ಪೂರ್ತಿ ಒಂದೇ ಆಗಿವೆಯೋ, ಅಥವಾ ಮೊದಲನೆಯದು ಕೊಂಚ ಕೆಳಗೆ ಉಳಿದಿದೆಯೋ? ಧ್ವನಿವ್ಯತ್ಯಾಸದ ಚರಿತ್ರೆಗೆ ಈ ಪ್ರಶ್ನೆ ಹುಡುಗಾಟದ್ದಲ್ಲ. ಪೂರ್ಣ ವಿಲೀನ ಹಿಂದಿರುಗದು. ಅಪೂರ್ಣ ವಿಲೀನಕ್ಕೆ ಶಿಷ್ಟಭಾಷೆಯ ಒತ್ತಡದಿಂದ ಬಿಡಿಸಿಕೊಳ್ಳುವ ಅವಕಾಶವಿದೆ.

ಇದನ್ನು ನಿರ್ಧರಿಸಲು ಇಂದಿನ ಸಂಶೋಧಕರು ಮೊದಲ ಫಾರ್ಮೆಂಟನ್ನು ಅಳೆಯುತ್ತಾರೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ 1990ರ ದಶಕದಲ್ಲಿ ರೂಪಿಸಿ ಉಚಿತವಾಗಿ ಹಂಚಿದ ಪ್ರಾಟ್ ತಂತ್ರಾಂಶವು ರೇಖೀಯ ಪೂರ್ವಾನುಮಾನ ಎಂಬ ಕ್ರಮದಿಂದ ಫಾರ್ಮೆಂಟ್‌ಗಳನ್ನು ಅಂದಾಜಿಸುತ್ತದೆ. ಈ ಕ್ರಮದ ಚರಿತ್ರೆಯಲ್ಲಿ ಜಪಾನಿನ ಇಟಾಕುರಾ ಮತ್ತು ಸೈತೊ ಅವರ ಜೊತೆಗೆ ಮೇಲೆ ಹೆಸರಿಸಿದ ಬೆಂಗಳೂರಿನ ಹಳೆಯ ಅಧ್ಯಾಪಕ ಅಟಲ್ ಅವರ ಪಾತ್ರ ದೊಡ್ಡದು. ಹ್ಯಾನವರ್ ಜೊತೆಗಿನ ಅವರ ಲೇಖನ 1971ರದು. ಬೆಂಗಳೂರಿನಿಂದ ಹೊರಟ ವಿದ್ಯೆ ಹೀಗೆ ಆಮ್‌ಸ್ಟರ್‌ಡ್ಯಾಮ್ ಸುತ್ತಿಕೊಂಡು ನಮ್ಮ ಲ್ಯಾಪ್‌ಟಾಪಿಗೆ ಬಂದಿದೆ. ತಂತ್ರಾಂಶ ತಾನಾಗಿ ಇಟ್ಟುಕೊಂಡಿರುವ ಬೆಲೆಗಳು: 5500 ಹರ್ಟ್ಜ್‌ವರೆಗೆ ಐದು ಫಾರ್ಮೆಂಟ್‌ಗಳು, 25 ಮಿಲಿಸೆಕೆಂಡಿನ ಕಿಟಕಿ. 5500 ಎಂಬುದು ವಯಸ್ಕ ಹೆಂಗಸಿನ ಧ್ವನಿಗೆ ಹೊಂದುವಂಥದು. ಗಂಡಸರಿಗೆ 5000 ಇಡಬೇಕೆಂದು ತಂತ್ರಾಂಶದ ಕೈಪಿಡಿಯೇ ಸೂಚಿಸುತ್ತದೆ.

ಬೆಲೆಗಳನ್ನು ಸರಿಯಾಗಿ ಇಟ್ಟ ಮೇಲೂ ಒಂದು ತೊಡಕು ಉಳಿಯುತ್ತದೆ. ಕಂಠದ ಮೂಲ ಆವರ್ತಾಂಕ 240 ಹರ್ಟ್ಜ್ ಇರುವ ಒಬ್ಬ ಹೆಂಗಸಿನ ಮಾತನ್ನು ಉದಾಹರಣೆಗಾಗಿ ಊಹಿಸೋಣ. ಆಕೆಯ ಸ್ವರದಲ್ಲಿ ಶಕ್ತಿಯಿರುವುದು 240, 480, 720 ಹೀಗೆ ಗುಣಕಗಳಲ್ಲಿ ಮಾತ್ರ. ಇಕಾರದ ಮೊದಲ ಫಾರ್ಮೆಂಟ್ ಸುಮಾರು 340, ಎಕಾರದ್ದು ಸುಮಾರು 440 ಎಂದಿಟ್ಟುಕೊಂಡರೆ ಎರಡೂ ಬೀಳುವುದು 240 ಮತ್ತು 480ರ ನಡುವಿನ ಖಾಲಿ ಜಾಗದಲ್ಲಿ. ರೇಖೀಯ ಪೂರ್ವಾನುಮಾನದ ಅಂದಾಜು ಇಂಥಲ್ಲಿ ಹತ್ತಿರದ ಹಾರ್ಮೋನಿಕ್‌ನ ಕಡೆಗೆ ಜಗ್ಗುತ್ತದೆ. 430ರ ಆಸುಪಾಸಿನ ಸ್ವರವನ್ನು ಅದು 480ರತ್ತ ಎಳೆಯುತ್ತದೆ. ಈಗ ಅದೇ ಸ್ವರವನ್ನು ನಾಲಿಗೆಯ ನೆಲೆ ಬದಲಿಸದೆ, ಕಂಠವನ್ನಷ್ಟೇ 200ಕ್ಕೆ ಇಳಿಸಿ ನುಡಿದರೆ ಹತ್ತಿರದ ಹಾರ್ಮೋನಿಕ್ 400. ಅಂದಾಜು ಆ ಕಡೆಗೆ ಇಳಿಯುತ್ತದೆ. ಕೋಷ್ಟಕದಲ್ಲಿ ಇದು ಸ್ವರವು ಮೇಲೇರಿದಂತೆ, ಅಂದರೆ ಎಕಾರ ಇಕಾರದತ್ತ ಸರಿದಂತೆ ಕಾಣುತ್ತದೆ. ಪದಪಟ್ಟಿಯಿಂದ ‘ಮನಿ’ ಎಂದು ಬಿಡಿಯಾಗಿ ಓದಿಸಿದಾಗ ಕಂಠ ಇಳಿಯುವುದು ಎಲ್ಲಿ? ಪದಾಂತ್ಯದಲ್ಲಿ, ನಾವು ಅಳೆಯಬೇಕೆಂದಿರುವ ಸ್ವರದ ಮೇಲೆಯೇ. ಗಂಡಸಿನ 120 ಹರ್ಟ್ಜ್ ಕಂಠದಲ್ಲಿ ಗುಣಕಗಳು ಒತ್ತೊತ್ತಾಗಿರುವುದರಿಂದ ತೊಡಕು ಕಡಿಮೆ. ಹೀಗಿರುವಾಗ ‘ಹೆಂಗಸರ ಮಾತಿನಲ್ಲಿ ವಿಲೀನ ಮುಂದೆ ಹೋಗಿದೆ’ ಎಂಬ ತೀರ್ಮಾನ ಭಾಷೆಯಿಂದ ಬಂದಿರಬಹುದು, ಲೆಕ್ಕದ ಕ್ರಮದಿಂದಲೂ ಬಂದಿರಬಹುದು. ಕಿವಿಯಿಂದ ಕೇಳಿ ಇಕಾರವೆಂದು ಬರೆದುಕೊಂಡ ಹಿಂದಿನ ಕ್ಷೇತ್ರಕಾರ್ಯಕರ್ತರಿಗೆ ಈ ಒಂದು ಬಗೆಯ ಮೋಸವಾದರೂ ಇರಲಿಲ್ಲ.

ಇಷ್ಟನ್ನು ತಿಳಿಯಲು 52 ತಾಸಿನ ಪಾಠಕ್ರಮ ಬೇಕಿಲ್ಲ, ಚೆಬಿಶೇವ್ ಫಿಲ್ಟರ್ ಕೂಡ ಬೇಕಿಲ್ಲ. ಸ್ಯಾಂಪ್ಲಿಂಗ್, ವರ್ಣಪಟಲ, ಕಿಟಕಿ, ರೇಖೀಯ ಪೂರ್ವಾನುಮಾನ ಎಂಬ ನಾಲ್ಕು ವಿಷಯಗಳು ಸಾಕು. ಮೂರು ಇಂದಿಗೂ ಐದನೆಯ ಸೆಮಿಸ್ಟರಿನ ವಿದ್ಯಾರ್ಥಿಗೆ ಒಂದಿಲ್ಲೊಂದು ರೂಪದಲ್ಲಿ ಸಿಗುತ್ತವೆ, ನಾಲ್ಕನೆಯದು ಅವನಿಗೂ ಮುಂದಿನ ತರಗತಿಗೆ. ಕಲಿಸುವವರು ದೂರವಿಲ್ಲ. ವಿಜ್ಞಾನ ಸಂಸ್ಥೆಯಲ್ಲಿ ಬೆಳೆದ ಬಿ. ಯಜ್ಞನಾರಾಯಣ 1980ರಲ್ಲಿ ಮದ್ರಾಸಿನ ಐಐಟಿ ಸೇರಿ ಮಾತಿನ ಸಂಸ್ಕರಣೆಯ ಒಂದು ಪರಂಪರೆಯನ್ನೇ ಕಟ್ಟಿದರು. ಅವರ ಶಿಷ್ಯರಲ್ಲೊಬ್ಬರಾದ ಎಸ್. ಆರ್. ಮಹದೇವ ಪ್ರಸನ್ನ ಗುವಾಹಟಿಯಿಂದ ಧಾರವಾಡಕ್ಕೆ ಬಂದಿದ್ದಾರೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ, ಅದೇ ಊರಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನವೂ ಇದೆ. ಉಳಿದಿರುವುದು ಮೊದಲ ಪ್ರಯೋಗದ ಆಯ್ಕೆ. ‘ಸಾಲಿ’, ‘ಶಾಲಿ’, ‘ಮನಿ’, ‘ಗಿಣಿ’ ಎಂಬ ನಾಲ್ಕು ಪದಗಳನ್ನು ದೇವರ ಹಿಪ್ಪರಗಿಯ ಒಬ್ಬ ಹೆಂಗಸು, ಒಬ್ಬ ಗಂಡಸು ಏರುಕಂಠದಲ್ಲಿ ಒಮ್ಮೆ, ಇಳಿಕಂಠದಲ್ಲಿ ಒಮ್ಮೆ ನುಡಿಯಲಿ. ಸೆಕೆಂಡಿಗೆ 44,100ರಂತೆ ಮುದ್ರಿಸಿಕೊಂಡು, ಅದನ್ನೇ 8000ಕ್ಕೆ ಇಳಿಸಿ, ಎರಡರಲ್ಲೂ ವಿದ್ಯಾರ್ಥಿಗಳು ಮೊದಲು ಕಿವಿಯಿಂದ ಲಿಪ್ಯಂಕನ ಮಾಡಲಿ, ಆಮೇಲೆ ಅಳೆಯಲಿ.